ಚೆಂಡು ಕೊಟ್ಟವರಲ್ಲಿ ಯಾರು ಮೊದಲು?

ನಮ್ಮ ಜಯನಗರದ ಕ್ಲಬ್ಬಿನಲ್ಲಿ ಈಗ ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುತ್ತಿರುವ ಚೈತ್ರಾ ಮೊನ್ನೆ ಮನೆಗೆ ಬಂದವಳು ಕೂರುವ ಮೊದಲೇ ಒಂದು ಜಗಳದ ವರದಿ ಒಪ್ಪಿಸಿದಳು. ಅಮೆರಿಕದ ಲೀಗಿನ ಪಾಯಿಂಟ್ ಗಾರ್ಡ್‌ಗಳಲ್ಲಿ ಯಾರು ಮೊದಲು, ಯಾರು ಎರಡನೆಯವರು ಎಂದು ಅವಳ ಸ್ನೇಹಿತರ ಗುಂಪಿನಲ್ಲಿ ರ‍್ಯಾಂಕ್ ಕೊಡಲು ಹೋಗಿ ಇಬ್ಬರು ಮಾತು ಬಿಟ್ಟಿದ್ದಾರಂತೆ. ಕಂಡಿಲ್ಲದ, ಮಾತಾಡಿಸಿಲ್ಲದ ಯಾರೋ ಪುಣ್ಯಾತ್ಮರಿಗಾಗಿ ಜೆ.ಪಿ. ನಗರದವನೂ ಬನಶಂಕರಿಯವನೂ ಮುಖ ತಿರುಗಿಸಿಕೊಂಡು ಓಡಾಡುವುದೆಂದರೆ! ನಾನು ಜೋರಾಗಿ ನಕ್ಕುಬಿಟ್ಟೆ.

"ನಗ್ಬೇಡಿ ಸುಮಿತ್ರಕ್ಕಾ. ನೀವು ನಮ್ಮೋರ್ದು ಹೇಳಿ. ನೀವು ಜೊತೇಲಿ ಆಡಿದ್ದು, ಸೆಲೆಕ್ಟ್ ಮಾಡಿದ್ದು, ಎಲ್ಲಾ ಸೇರ್ಸಿ ಟಾಪ್ ಫೈವ್ ಯಾರು? ಸುಮ್ನೆ ಕೇಳ್ತಿಲ್ಲ. ಮುಂದಿನ ತಿಂಗಳು ಫಸ್ಟ್ ಟೈಮ್ ನನ್ನನ್ನೂ ಸೆಲೆಕ್ಷನ್ ಕಮಿಟೀಲಿ ಕೂರಿಸ್ತಿದಾರೆ. ಈಗ್ಲೇ ಭಯ ಆಗ್ತಿದೆ."

ಭಯ ಆಗಬೇಕಾದದ್ದೇ. ಆಗದಿದ್ದರೆ ಆ ಕುರ್ಚಿಯಲ್ಲಿ ಕೂರಬಾರದು ಎಂದೆ. ಬಾಯಲ್ಲಿ ಹೇಳಿದ್ದು ಅರ್ಧಂಬರ್ಧವಾಯಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮ ಕಾಲದಲ್ಲಿ ಲೀಗು ಗೀಗು ಏನೂ ಇರಲಿಲ್ಲ. ಬ್ಯಾಸ್ಕೆಟ್‌ಬಾಲ್ ಆಡಿ ಅನ್ನ ತಿನ್ನಲು ಇದ್ದದ್ದು ಒಂದೇ ದಾರಿ, ಕ್ರೀಡಾ ಕೋಟಾದ ನೌಕರಿ. ದೊಡ್ಡ ಸಂಸ್ಥೆಗಳು ತಮ್ಮದೇ ತಂಡ ಕಟ್ಟುತ್ತಿದ್ದವು, ಚೆನ್ನಾಗಿ ಆಡುವವರಿಗೆ ಗುಮಾಸ್ತರ ಕೆಲಸ ಕೊಡುತ್ತಿದ್ದವು. ನನಗೂ ಸಿಕ್ಕಿದ್ದು ಅಂಥದ್ದೇ. ಯಾವ ಸಂಸ್ಥೆ ಎನ್ನುವುದು ಇಲ್ಲಿ ಬೇಡ. ಬೆಳಿಗ್ಗೆ ಡಿಸ್ಪ್ಯಾಚ್ ಸೆಕ್ಷನ್ನಿನಲ್ಲಿ ಕವರಿಗೆ ಅಂಟು ಹಚ್ಚುವುದು, ಊಟದ ನಂತರ ಪ್ರಾಕ್ಟೀಸು. ನಾನು ಬ್ಯಾಗು ಹೆಗಲಿಗೇರಿಸಿ ಎದ್ದರೆ ನಮ್ಮ ಸೂಪರಿಂಟೆಂಡೆಂಟು ಕನ್ನಡಕದ ಮೇಲಿಂದ ನೋಡಿ, "ಹೋಗಿಬನ್ನಿ ತಾಯಿ, ಚೆಂಡು ಕಾಯ್ತಿರತ್ತೆ" ಅನ್ನುತ್ತಿದ್ದರು. ಸೋತು ಬಂದ ಮಾರನೆಯ ದಿನ ಮಾತ್ರ ಎಲ್ಲರಿಗಿಂತ ಮೊದಲು ಅವರೇ ಬಂದು, "ಯಾಕಮ್ಮಾ, ಏನಾಗೋಯ್ತು?" ಎಂದು ಮನೆಯಲ್ಲಿ ಯಾರೋ ಹಾಸಿಗೆ ಹಿಡಿದವರಂತೆ ವಿಚಾರಿಸುತ್ತಿದ್ದರು. ಆಟದಿಂದ ಕೆಲಸಕ್ಕೆ ಸೇರುವ ಹುಡುಗಿಯರು ಈ ಎರಡನ್ನೂ ಕೇಳಿಸಿಕೊಂಡು ಸುಮ್ಮನಿರುವುದನ್ನು ಕಲಿಯಬೇಕು.

ನಾನು ಆಡುತ್ತಿದ್ದದ್ದು ಪಿವಟ್. ಅಂದರೆ ಬುಟ್ಟಿಯ ಹತ್ತಿರ, ಅದಕ್ಕೆ ಬೆನ್ನು ಹಾಕಿ ನಿಂತು, ಚೆಂಡಿಗಾಗಿ ಕೈ ಚಾಚುವ ಎತ್ತರದ ಹೆಣ್ಣು. ಈ ಎತ್ತರದ ಕಾಟ ಕಡಿಮೆಯದಲ್ಲ. ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಸೀರೆಗೆ ಹೋದರೆ ಅಂಗಡಿಯವನು ನನ್ನನ್ನು ಬಿಟ್ಟು ಅಮ್ಮನಿಗೆ ಹೇಳುತ್ತಿದ್ದ, "ಇವರಿಗೆ ಫಾಲ್ ಕೆಳಗಿಂದ ಬಿಟ್ಟು ಹಾಕ್ಸಿ ಮೇಡಂ, ಇಲ್ಲಾಂದ್ರೆ ಪಾದ ಕಾಣತ್ತೆ" ಅಂತ. ಪಾಯಿಂಟ್ ಗಾರ್ಡ್ ಅಂದರೆ ಇದಕ್ಕೆ ತದ್ವಿರುದ್ಧ. ಸಾಮಾನ್ಯವಾಗಿ ಗಿಡ್ಡ, ಚುರುಕು, ಬಾಯಿ ಜೋರು. ನಮ್ಮ ಬುಟ್ಟಿಯ ಕಡೆಯಿಂದ ಎದುರಾಳಿಯ ಬುಟ್ಟಿಯ ಕಡೆಗೆ ಚೆಂಡು ತರುವವಳು ಅವಳು. ಯಾರಿಗೆ, ಯಾವಾಗ, ಎಲ್ಲಿ ಕೊಡಬೇಕು ಎಂದು ತೀರ್ಮಾನಿಸುವವಳೂ ಅವಳೇ. ಅವಳು ಬಡಿಸುವವಳು, ನಾನು ಎಲೆ ಮುಂದೆ ಕೂತವಳು. ಹಾಗಾಗಿ ಪಾಯಿಂಟ್ ಗಾರ್ಡ್‌ಗಳ ವಿಷಯದಲ್ಲಿ ನನ್ನ ಮಾತಿಗೆ ಸ್ವಲ್ಪ ತೂಕ ಇದೆ ಎಂದು ನನ್ನ ನಂಬಿಕೆ.

ನನ್ನ ಎಡಗೈ ಕಿರುಬೆರಳು ಇವತ್ತಿಗೂ ಸೊಟ್ಟ. ಅದು ನಮ್ಮ ತಂಡದ ಮೊದಲ ಪಾಯಿಂಟ್ ಗಾರ್ಡ್ ಜಯಂತಿಯ ಕೊಡುಗೆ. ಅವಳ ಪಾಸು ಅಷ್ಟು ಜೋರು. ನಾನು ತಿರುಗಿ ನೋಡುವಷ್ಟರಲ್ಲಿ ಚೆಂಡು ಬಂದು ಬಡಿದಾಗಿರುತ್ತಿತ್ತು. "ನೋಡ್ಕೊಂಡ್ ಕೊಡೇ" ಅಂದರೆ "ನೋಡ್ಕೊಂಡ್ ಹಿಡಿಯೇ" ಅನ್ನುತ್ತಿದ್ದಳು. ಕಾಂಪೌಂಡಿನ ಮೇಲೆ ಕೂತ ಹುಡುಗರಿಗೆ ಅವಳೆಂದರೆ ಪ್ರಾಣ. "ಏನ್ ಪಾಸ್ ಗುರು, ಸಖತ್! ಆ ಉದ್ದದೋಳು ಬಿಟ್ಬಿಟ್ಲು" ಎಂದು ನನಗೆ ಕೇಳಿಸುವಂತೆಯೇ ಹೇಳುತ್ತಿದ್ದರು. ನೋಡುವವರ ರ‍್ಯಾಂಕೇ ಬೇರೆ, ಹಿಡಿಯುವವರ ರ‍್ಯಾಂಕೇ ಬೇರೆ ಎನ್ನುವುದು ನನಗೆ ಆ ಬೆರಳಿಗೆ ಪಟ್ಟಿ ಕಟ್ಟಿಸಿಕೊಳ್ಳುವಾಗ ತಿಳಿಯಿತು. ಚೈತ್ರಾ, ನಿನ್ನ ಲಿಸ್ಟಿನಲ್ಲಿ ಜಯಂತಿಯನ್ನು ಐದನೆಯವಳೆಂದು ಬರೆದುಕೋ. ಅವಳು ಇದನ್ನು ಓದಿದರೆ ಫೋನು ಮಾಡಿ ಬೈಯುತ್ತಾಳೆ, ಬೈಯಲಿ.

ಮಂಡಿ ಕೈಕೊಟ್ಟು ನಾನು ಆಟ ಬಿಟ್ಟಾಗ ನಮ್ಮ ಸಂಸ್ಥೆಯ ಮುಖ್ಯ ಕೋಚ್ ರಂಗಸ್ವಾಮಿ ಸಾರ್ ನನ್ನನ್ನು ಸಹಾಯಕಿಯಾಗಿ ಇಟ್ಟುಕೊಂಡರು, ಆಯ್ಕೆ ಸಮಿತಿಗೂ ಸೇರಿಸಿಕೊಂಡರು. ಬೋಳು ತಲೆ, ಕೊರಳಲ್ಲಿ ಸೀಟಿ, ಜೇಬಲ್ಲಿ ಯಾವಾಗಲೂ ಕಡಲೆಕಾಯಿ. ಅವರು ಪಂದ್ಯ ನೋಡುವ ರೀತಿ ವಿಚಿತ್ರವಾಗಿತ್ತು. ಚೆಂಡು ಈ ಕಡೆ ಇದ್ದರೆ ಅವರ ಕಣ್ಣು ಆ ಕಡೆ. ಮೊದಮೊದಲು ನನಗೆ ಇವರಿಗೆ ಆಟದಲ್ಲಿ ಬೇಜಾರು ಬಂದಿದೆ ಅನ್ನಿಸಿತ್ತು.

"ಚೆಂಡನ್ನ ಊರೆಲ್ಲಾ ನೋಡತ್ತಮ್ಮಾ. ಅದಕ್ಕೆ ನಾವ್ಯಾಕೆ ಬೇಕು? ಚೆಂಡಿಲ್ದೇ ಇರೋ ನಾಲ್ಕು ಜನ ಏನ್ ಮಾಡ್ತಿದಾರೆ ನೋಡು. ಅವರು ಖುಷಿಯಾಗಿ ಓಡ್ತಿದ್ರೆ ಗಾರ್ಡ್ ಒಳ್ಳೆಯೋಳು. ಸುಮ್ನೆ ನಿಂತಿದ್ರೆ ಅವಳು ಕೊಡಲ್ಲ ಅಂತ ಅವರಿಗೆ ಗೊತ್ತಾಗಿದೆ" ಎನ್ನುತ್ತಿದ್ದರು.

ಇಷ್ಟು ತಿಳಿದವರೂ ಎಡವಿದ್ದುಂಟು. ಅದನ್ನೂ ಹೇಳಬೇಕು. ಒಂದು ವರ್ಷ ಆಯ್ಕೆಯನ್ನು ನಮ್ಮ ಕ್ಲಬ್ಬಿನ ಕೋರ್ಟಿನಲ್ಲೇ ಇಟ್ಟೆವು. ಬಯಲು ಕೋರ್ಟು, ಸಿಮೆಂಟಿನ ನೆಲ, ಪಕ್ಕದಲ್ಲಿ ಒಂದು ದೊಡ್ಡ ಹೊಂಗೆ ಮರ. ಬೇರೆ ಊರುಗಳಿಂದ ಬಂದ ಗಾರ್ಡ್‌ಗಳೆಲ್ಲ ಬಲಗಡೆಯಿಂದ ನುಗ್ಗುವಾಗ ಒಂದೇ ಜಾಗದಲ್ಲಿ ಚೆಂಡು ಕಳೆದುಕೊಳ್ಳುತ್ತಿದ್ದರು. ನಮ್ಮ ಕ್ಲಬ್ಬಿನವಳೇ ಆದ ವೀಣಾ ಮಾತ್ರ ನೀರು ಕುಡಿದಂತೆ ಆಡಿದಳು. ಸಮಿತಿಯವರೆಲ್ಲ ಒಪ್ಪಿ ಅವಳನ್ನು ತೆಗೆದುಕೊಂಡೆವು. ಹೊರಗಿನ ಪಂದ್ಯಗಳಿಗೆ ಹೋದಾಗ ನೋಡಿದರೆ ಅವಳು ಬಲಗಡೆಗೆ ಹೋಗುವುದೇ ಇಲ್ಲ! ಎಷ್ಟು ಬೈದರೂ ಇಲ್ಲ. ಕೊನೆಗೆ ಗೊತ್ತಾದದ್ದೇನೆಂದರೆ, ಮರದ ಬೇರು ನುಗ್ಗಿ ನಮ್ಮ ಕೋರ್ಟಿನ ಬಲಭಾಗದಲ್ಲಿ ಸಿಮೆಂಟಿನ ಅಡಿ ಪೊಳ್ಳಾಗಿತ್ತು, ಅಲ್ಲಿ ಚೆಂಡು ಪುಟಿಯುತ್ತಿರಲಿಲ್ಲ. ಚಿಕ್ಕಂದಿನಿಂದ ಅಲ್ಲೇ ಆಡಿದ ವೀಣಾಳ ಕಾಲಿಗೆ ಆ ಜಾಗ ತಪ್ಪಿಸುವುದು ಅಭ್ಯಾಸವಾಗಿತ್ತು. ಅವಳಿಗೇ ಅದು ತಿಳಿದಿರಲಿಲ್ಲ. ನಾವು ರ‍್ಯಾಂಕ್ ಕೊಟ್ಟದ್ದು ಹುಡುಗಿಗಲ್ಲ, ಹೊಂಗೆ ಮರಕ್ಕೆ. ರಂಗಸ್ವಾಮಿ ಸಾರ್ ಆ ಜಾಗದಲ್ಲಿ ಬಗ್ಗಿ ಚೆಂಡನ್ನು ಮತ್ತೆ ಮತ್ತೆ ಕುಟ್ಟಿ ನೋಡಿ, "ಥೂ ನಮ್ಮ ಯೋಗ್ಯತೆಗೆ" ಅಂದರು. ಅಂದಿನಿಂದ ಆಯ್ಕೆಯನ್ನು ಯಾರಿಗೂ ಪರಿಚಯವಿಲ್ಲದ ಕೋರ್ಟಿನಲ್ಲಿ ಇಡತೊಡಗಿದೆವು. ಪಾಪ ವೀಣಾ, ಆಮೇಲೆ ಕಷ್ಟಪಟ್ಟು ಬಲಗಡೆಯನ್ನೂ ಕಲಿತಳು. ಅವಳಿಗೆ ನಾಲ್ಕನೆಯ ಸ್ಥಾನ.

ಅದೇ ಸುಮಾರಿಗೆ ಕೇಬಲ್ ಟಿ.ವಿ. ಬಂತು. ಬೆಳಗಿನ ಹೊತ್ತು ಅಮೆರಿಕದ ಪಂದ್ಯ ನೋಡಿ ಬಂದ ನಮ್ಮ ಹುಡುಗಿಯರು ಬೆನ್ನ ಹಿಂದಿನಿಂದ ಪಾಸು ಕೊಡಲು ಶುರು ಮಾಡಿದರು. ಚೆಂಡು ಕೊಡುವವಳಿಗೂ ಗೊತ್ತಿಲ್ಲ, ಹಿಡಿಯುವವಳಿಗೂ ಗೊತ್ತಿಲ್ಲ, ರೆಫರಿಯ ಹೊಟ್ಟೆಗೆ ಬಡಿದದ್ದೂ ಇದೆ. ರಂಗಸ್ವಾಮಿ ಸಾರ್ ಮೊದಲು ಕೂಗಾಡಿದರು. ಆಮೇಲೆ ಪಕ್ಕದ ಮನೆಯ ಟಿ.ವಿ. ಮುಂದೆ ತಾವೇ ಹೋಗಿ ಕೂತು ನೋಡಿ ಬಂದು, "ಅವರು ಶೋಕಿಗೆ ಕೊಡ್ತಿಲ್ಲ ಕಣ್ರೇ. ಬೇರೆ ದಾರಿ ಇಲ್ದೇ ಇದ್ದಾಗ ಕೊಡ್ತಾರೆ. ದಾರಿ ಇಲ್ದೇ ಇದ್ದಾಗ ನೀವೂ ಕೊಡಿ" ಎಂದರು. ಹಳಬರೆಂದು ನಾವು ಅವರನ್ನು ಆಡಿಕೊಳ್ಳುತ್ತಿದ್ದದ್ದು ಅಲ್ಲಿಗೆ ನಿಂತಿತು. ಬೆನ್ನ ಹಿಂದಿನ ಪಾಸನ್ನು ಸರಿಯಾಗಿ ಕಲಿತವಳು ಮಂಜುಳಾ ಒಬ್ಬಳೇ. ಮೂರನೆಯ ಸ್ಥಾನ ಅವಳದು.

ಇನ್ನುಳಿದದ್ದು ಮೊದಲಿನ ಎರಡು. ನಾನು ಇಷ್ಟೆಲ್ಲ ಬರೆಯುತ್ತಿರುವುದು ಈ ಎರಡರ ಸಲುವಾಗಿ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಸಂಸ್ಥೆಯಲ್ಲಿ ಕ್ರೀಡಾ ಕೋಟಾ ಕಡಿಮೆಯಾಗುತ್ತಿತ್ತು. ಆ ವರ್ಷ ಪಾಯಿಂಟ್ ಗಾರ್ಡ್‌ಗೆ ಒಂದೇ ಹುದ್ದೆ. ಮುಂದೆ ಹುದ್ದೆ ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಬನಶಂಕರಿಯ ಒಂದು ಕಾಲೇಜಿನ ಕೋರ್ಟಿನಲ್ಲಿ ಆಯ್ಕೆ ಇಟ್ಟೆವು. ಬಂದವರಲ್ಲಿ ಕೊನೆಗೆ ಉಳಿದವರು ಇಬ್ಬರು.

ಒಬ್ಬಳು ಶೈಲಜಾ. ಚಿಕ್ಕಲಸಂದ್ರದ ಹಳೆಯ ಮನೆತನ. ಅವಳಪ್ಪನ ಹೊಲವಿದ್ದ ಜಾಗದಲ್ಲಿ ಆಗಲೇ ಬಾಡಿಗೆ ಮನೆಗಳು ಎದ್ದಿದ್ದವು. ಸ್ಕೂಟಿಯಲ್ಲಿ ಬರುತ್ತಿದ್ದಳು. ಮನೆಯಲ್ಲಿ ಅನುಕೂಲವಿತ್ತು, ಆದರೆ ಆಟದ ಹುಚ್ಚಿಗೆ ಅನುಕೂಲ ಅಡ್ಡ ಬಂದಿರಲಿಲ್ಲ. ಇನ್ನೊಬ್ಬಳು ಧಾರವಾಡದ ಕಸ್ತೂರಿ. ಬಿ.ಟಿ.ಎಂ.ನಲ್ಲಿ ಅಕ್ಕ ಭಾವನ ಬಾಡಿಗೆ ಮನೆಯಲ್ಲಿದ್ದುಕೊಂಡು ಮಡಿವಾಳದ ಒಂದು ಎಸ್‌ಟಿಡಿ ಬೂತಿನಲ್ಲಿ ಕೂರುತ್ತಿದ್ದಳು. ಬೂತಿನ ಬಾಗಿಲು ತೆಗೆಯುವ ಮೊದಲು ಬಸ್ಸು ಹಿಡಿದು ಬಂದು ನಮ್ಮ ಕ್ಲಬ್ಬಿನಲ್ಲಿ ಅಭ್ಯಾಸ ಮಾಡಿ ಹೋಗುತ್ತಿದ್ದಳು. ಭಾವನಿಗೆ ಹುಬ್ಬಳ್ಳಿಗೆ ವರ್ಗವಾಗಿತ್ತು. ಈ ಕೆಲಸ ಸಿಕ್ಕರೆ ಅವಳು ಬೆಂಗಳೂರಲ್ಲಿ ಹಾಸ್ಟೆಲು ಸೇರಿ ಆಡುತ್ತಾಳೆ, ಇಲ್ಲವಾದರೆ ಅವರ ಜೊತೆ ಹೊರಡಬೇಕು. ಮುಂದಿನ ವರ್ಷಕ್ಕೆ ಕೋಟಾದ ವಯಸ್ಸೂ ಮೀರುತ್ತಿತ್ತು. ಅಂದರೆ ಅವಳ ಆಟವೇ ಈ ಹುದ್ದೆಯ ಮೇಲೆ ನಿಂತಿತ್ತು.

ನನಗೆ ಯಾರು ಬೇಕಿತ್ತು ಎಂದು ಮುಚ್ಚಿಡುವುದಿಲ್ಲ. ಎಷ್ಟೋ ಬೆಳಿಗ್ಗೆ ಕಸ್ತೂರಿಗೆ ಜೊತೆಯಾಗಿ ನಾನು ಬುಟ್ಟಿಯ ಕೆಳಗೆ ನಿಂತಿದ್ದೇನೆ. ಈ ಸೊಟ್ಟ ಬೆರಳಿಗೆ ತಾಗದಂತೆ ಎಲ್ಲಿ ಹಿಡಿದರೆ ನನಗೆ ಹಿತ ಎನ್ನುವುದನ್ನು ನೋಡಿಕೊಂಡು ಅಲ್ಲಿಗೇ ಚೆಂಡು ಕಳಿಸುತ್ತಿದ್ದಳು. "ಮೇಡಮ್ಮರ, ನೀವು ಬಲಗೈ ಮುಂದ ಮಾಡ್ರಿ ಸಾಕು, ಚೆಂಡ ನಾ ತಂದು ಇಡ್ತೇನಿ" ಅನ್ನುತ್ತಿದ್ದಳು. ಆಯ್ಕೆಗೆ ಮೊದಲೇ ರಂಗಸ್ವಾಮಿ ಸಾರಿಗೆ ಹೇಳಿದ್ದೆ, ಈ ಹುಡುಗಿಯ ಕಡೆ ನನ್ನ ಮನಸ್ಸಿದೆ, ನನ್ನ ಮಾತನ್ನು ಅಷ್ಟು ಕಳೆದು ನೋಡಿ ಅಂತ. ಅವರು ಕಡಲೆಕಾಯಿ ಬಿಡಿಸುತ್ತ ತಲೆಯಾಡಿಸಿದ್ದರು.

ಅವರ ಪದ್ಧತಿಯೆಂದರೆ ಎಲ್ಲ ಗಾರ್ಡ್‌ಗಳಿಗೂ ಅದೇ ನಾಲ್ಕು ಜನ ಜೊತೆಗಾರರನ್ನು ಕೊಡುವುದು, ಅದೂ ಸುಮಾರಾಗಿ ಆಡುವವರನ್ನು. ಕಸ್ತೂರಿಯ ಜೊತೆ ಆಡುವಾಗ ಆ ನಾಲ್ವರಲ್ಲಿ ತೀರ ಬೆದರಿಕೊಂಡಿದ್ದ ಒಬ್ಬ ಹುಡುಗಿ ಚೆಂಡನ್ನು ಬುಟ್ಟಿಗೆ ಹಾಕಿ ತಾನೇ ಆಶ್ಚರ್ಯಪಟ್ಟು ನಿಂತಳು. ಆದರೆ ಇಬ್ಬರು ಒಟ್ಟಿಗೆ ಮೈಮೇಲೆ ಬಂದಾಗ ಕಸ್ತೂರಿ ಎಡಗೈಯಲ್ಲಿ ಚೆಂಡು ಕಳೆದುಕೊಂಡಳು, ಮತ್ತೊಮ್ಮೆಯೂ ಕಳೆದುಕೊಂಡಳು. ಶೈಲಜಾಳ ಮೇಲೆ ಅದೇ ಇಬ್ಬರನ್ನು ಬಿಟ್ಟರೆ ಅವಳು ನಡುವೆ ಸೀಳಿಕೊಂಡು ಹೋದಳು. ನನಗೂ ಕಣ್ಣಿದೆ, ನೋಡಿದೆ.

ಸಮಿತಿಯಲ್ಲಿ ಮೂವರು. ನಾನು ಕಸ್ತೂರಿ ಅಂದೆ. ರಂಗಸ್ವಾಮಿ ಸಾರ್ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಮೂರನೆಯವರಾದ ಕ್ರೀಡಾಧಿಕಾರಿ ಗಡಿಯಾರ ನೋಡಿಕೊಂಡು, "ನೀವು ಹೇಳಿದ್ದೇ ನನ್ದೂ ಸಾರ್, ಬೇಗ ಮುಗ್ಸಿ" ಅಂದರು. ಸಾರ್ ಇಬ್ಬರು ಹುಡುಗಿಯರನ್ನೂ ಬೇರೆ ಬೇರೆಯಾಗಿ ಕರೆದರು. ಇಬ್ಬರಿಗೂ ಒಂದೇ ಪ್ರಶ್ನೆ. "ಕೊನೇ ನಿಮಿಷ. ನಾವು ಒಂದು ಪಾಯಿಂಟ್ ಹಿಂದಿದ್ದೀವಿ. ನೀವಿಬ್ರೂ ನಮ್ಮ ಟೀಮಲ್ಲೇ ಇದೀರ. ಚೆಂಡು ಯಾರ ಕೈಲಿರಬೇಕು?"

ಶೈಲಜಾ ಯೋಚಿಸಲೇ ಇಲ್ಲ. "ನನ್ ಕೈಲಿ ಸಾರ್. ಡೌಟೇ ಇಲ್ಲ."

ಕಸ್ತೂರಿ ಹಣೆಯ ಬೆವರನ್ನು ತೋಳಿಗೆ ಒರೆಸಿಕೊಂಡಳು. "ಶೈಲಜಾನ ಕೈಯಾಗ ಇರ್ಲಿ ಸರ. ಆಕಿಗೆ ಎರಡೂ ಕೈ ಬರ್ತಾವ. ನಂದು ಎಡಗೈ ಇನ್ನೂ ಕಚ್ಚಾ ಐತಿ."

"ಮತ್ತೆ ನೀನೇನ್ ಮಾಡ್ತಿರ್ತೀಯ?"

"ನಾ ಮೂಲ್ಯಾಗ ನಿಂತಿರ್ತೇನ್ರಿ. ಆಕಿ ಸಿಕ್ಕೊಂಡ್ಲಂದ್ರ ನನಗ ಕೊಡಾಕ ಬರ್ತೈತಿ."

ನನಗೆ ಕುಣಿಯುವಂತಾಯಿತು. ಮುಗಿಯಿತು, ಗೆದ್ದಳು ನನ್ನ ಹುಡುಗಿ ಅಂದುಕೊಂಡೆ. ಇಂಥ ಉತ್ತರ ಕೊಡುವವಳಲ್ಲದೆ ಇನ್ನಾರು ಪಾಯಿಂಟ್ ಗಾರ್ಡ್? ಅವಳು ಆ ಕಡೆ ಹೋದ ಮೇಲೆ ಸಾರ್ ಕಡೆ ತಿರುಗಿದೆ. ಅವರ ಕಣ್ಣು ಒದ್ದೆಯಾಗಿತ್ತು. ಕೈಯಲ್ಲಿದ್ದ ಹಾಳೆಯ ಮೇಲೆ ಶೈಲಜಾ ಎಂದು ಬರೆದರು.

"ಸಾರ್!"

"ಇಷ್ಟು ಚೆನ್ನಾಗಿ ಆಟ ಓದೋಳು ಹೇಳ್ತಿದಾಳಮ್ಮಾ, ಶೈಲಜಾ ನನಗಿಂತ ಮೇಲು ಅಂತ. ನಾನ್ ಹೆಂಗೆ ಅಲ್ಲ ಅನ್ಲಿ?"

"ನಿಜ ಹೇಳಿದ್ದಕ್ಕೆ ಶಿಕ್ಷೇನಾ ಸಾರ್ ಇದು? 'ನನ್ ಕೈಲಿ' ಅಂತ ಸುಳ್ಳು ಹೇಳಿದ್ರೆ ಬಚಾವಾಗ್ತಿದ್ಲಾ?"

"ಸುಳ್ಳು ಹೇಳಿದ್ರೂ ಶೈಲಜಾನೇ. ತನಗೆ ಎಡಗೈ ಬರಲ್ಲ ಅಂತ ಗೊತ್ತಿಲ್ದೇ ಇರೋಳು ನಮಗ್ಯಾಕೆ? ನೀನೇ ಹೇಳು ಸುಮಿತ್ರಾ. ಅವಳ ಮಾತು ನಂಬಿದ್ರೆ ಶೈಲಜಾ. ನಂಬಲ್ಲ ಅಂದ್ರೆ, ಟೀಮನ್ನ ಅವಳ ಕೈಗೆ ಯಾಕ್ ಕೊಡ್ಬೇಕು?"

ನನ್ನ ಕಣ್ಣು ಕೋರ್ಟಿನಲ್ಲಿ ಕಂಡದ್ದನ್ನೇ ಅವರು ಬರೆದಿದ್ದರು. ಸಹಿ ಹಾಕಿದೆ. ಆದರೆ ಸಿಟ್ಟು ಇಳಿಯಲಿಲ್ಲ. ಅವರು ಕೊಟ್ಟ ಕಡಲೆಕಾಯಿಯನ್ನು ಮೇಜಿನ ಮೇಲೇ ಬಿಟ್ಟು ಬಂದೆ.

ಕಸ್ತೂರಿ ಮತ್ತೆ ಒಂದು ದಿನ ಕ್ಲಬ್ಬಿಗೆ ಬಂದಳು. ಅಭ್ಯಾಸಕ್ಕೆಂದು ಕೊಟ್ಟಿದ್ದ ಚೆಂಡನ್ನು ತೊಳೆದು ತಂದಿದ್ದಳು. "ಬರ್ತೇನ್ರಿ ಮೇಡಮ್ಮರ, ನಾಳಿಗೆ ಸಾಮಾನು ಲಾರಿಗೆ ಹೇರೂದೈತಿ" ಎಂದಳು. ಕಾಲಿಗೆ ಬಗ್ಗಿದಳು, ಎಬ್ಬಿಸಿ ತಬ್ಬಿಕೊಂಡೆ. ಅವಳು ಗೇಟು ದಾಟುವವರೆಗೂ ತಡೆದುಕೊಂಡಿದ್ದ ಅಳು ಆಮೇಲೆ ಬಂತು.

ಇನ್ನು ಶೈಲಜಾ. ಅವಳು ಕೆಟ್ಟದಾಗಿ ಆಡಿದ್ದರೆ ನನಗೆ ಎಷ್ಟೋ ನೆಮ್ಮದಿಯಿರುತ್ತಿತ್ತು. ಅವಳು ಅದ್ಭುತವಾಗಿ ಆಡಿದಳು. ವರ್ಷಗಟ್ಟಲೆ ಆಡಿದಳು. ಸೊಕ್ಕಿನ ಹುಡುಗಿ ಅಂದುಕೊಂಡಿದ್ದೆ. ಸೋತ ದಿನ ಎಲ್ಲರ ತಪ್ಪನ್ನೂ ತನ್ನ ತಲೆಗೆ ಹಾಕಿಕೊಂಡು ಬೈಸಿಕೊಳ್ಳುವವಳು ಅವಳೇ ಆಗಿದ್ದಳು. ಒಂದು ಸೆಮಿಫೈನಲ್ಲಿನಲ್ಲಿ ಮಾತ್ರ, ಸರಿಯಾಗಿ ಕೊನೆಯ ನಿಮಿಷದಲ್ಲಿ, ಅವಳನ್ನು ಇಬ್ಬರು ಗೆರೆಯ ಹತ್ತಿರ ಒತ್ತಿ ಹಿಡಿದರು. ಅವಳು ಚೆಂಡು ಕೊಡಲೆಂದು ಮೂಲೆಯತ್ತ ತಿರುಗಿದಳು. ಮೂಲೆಯಲ್ಲಿ ಯಾರೂ ಇರಲಿಲ್ಲ. ಸೋತೆವು. ವಾಪಸು ಬರುವಾಗ ರೈಲಿನಲ್ಲಿ ರಂಗಸ್ವಾಮಿ ಸಾರ್ ನನ್ನ ಎದುರಿಗೆ ಬಂದು ಕೂತು, "ಎರಡು ಪೋಸ್ಟ್ ಇರಬೇಕಿತ್ತು ಕಣಮ್ಮಾ" ಅಂದರು. ಯಾವ ಪೋಸ್ಟು ಎಂದು ನಾನು ಕೇಳಲಿಲ್ಲ. ಅವರ ಮೇಲಿದ್ದ ಸಿಟ್ಟು ಅವತ್ತು ಹೋಯಿತು. ಬರೆದುಕೋ ಚೈತ್ರಾ, ಶೈಲಜಾ ಮೊದಲು, ಕಸ್ತೂರಿ ಎರಡು.

ಸಾರ್ ನಿವೃತ್ತರಾದ ಮೇಲೆ ಅವರ ಜಾಗಕ್ಕೆ ನಾನು ಬಂದೆ. ಎರಡು ಸಾವಿರದ ಇಸವಿಯ ನಂತರದ ಆ ವರ್ಷಗಳಲ್ಲಿ ಎಲ್ಲ ಬದಲಾಯಿತು. ಲ್ಯಾಪ್‌ಟಾಪ್ ಹಿಡಿದ ಹುಡುಗರು ಬಂದು ಯಾರು ಎಷ್ಟು ಪಾಸು ಕೊಟ್ಟರು, ಎಷ್ಟು ಬುಟ್ಟಿಯಾಯಿತು, ಎಷ್ಟು ಕಳೆದರು ಎಂದು ಗೀಟು ಗೀಟು ಹಾಕಿ ತೋರಿಸಿದರು. ನಾನು ಅದನ್ನು ಹಳಿಯುವುದಿಲ್ಲ. ಆ ಲೆಕ್ಕ ಮೊದಲೇ ಇದ್ದಿದ್ದರೆ ಹೊಂಗೆ ಮರದ ಕೈಲಿ ನಾವು ಏಮಾರುತ್ತಿರಲಿಲ್ಲ. ಆದರೆ ರಂಗಸ್ವಾಮಿ ಸಾರ್ ಕೇಳುತ್ತಿದ್ದ ಆ ಕೊನೆಯ ಪ್ರಶ್ನೆಯನ್ನು ನಾನು ಒಬ್ಬ ಹುಡುಗಿಗೂ ಕೇಳಲಿಲ್ಲ. ಕೆಲಸ ಬೇಕಾಗಿ ಬಂದು ಎದುರಿಗೆ ನಿಂತವಳ ಬಾಯಿಂದಲೇ ಅವಳ ತೀರ್ಪು ಬರೆಸುವುದು ನನ್ನಿಂದಾಗಲಿಲ್ಲ. ಅದು ಸರಿಯೋ ತಪ್ಪೋ, ನೀನು ಕೂತಾಗ ನೀನು ನೋಡಿಕೋ.

ಈಚೆಗೆ ಜೆ.ಪಿ. ನಗರದಲ್ಲಿ ಶಾಲಾ ಮಕ್ಕಳ ಒಂದು ಟೂರ್ನಿಮೆಂಟಿಗೆ ನನ್ನನ್ನು ಬಹುಮಾನ ಕೊಡಲು ಕರೆದಿದ್ದರು. ಬಿಳೇಕಹಳ್ಳಿಯ ಒಂದು ಶಾಲೆಯ ಹುಡುಗಿಯರು ಆಡುತ್ತಿದ್ದರು. ಪುಟ್ಟ ಪುಟ್ಟ ಮಕ್ಕಳು, ಆದರೆ ಪಾಸು ಕೊಡುವ ಮೊದಲು ಹಿಡಿಯುವವಳ ಕೈ ಎಲ್ಲಿದೆ ಎಂದು ನೋಡುತ್ತಿದ್ದರು. ಇವರಿಗೆ ಇದನ್ನು ಯಾರಪ್ಪಾ ಕಲಿಸಿದವರು ಎಂದು ತಿರುಗಿದರೆ, ಗೆರೆಯ ಆಚೆ ಟ್ರ್ಯಾಕ್ ಸೂಟು ಹಾಕಿಕೊಂಡು ನಿಂತು ಕೂಗುತ್ತಿದ್ದವಳು ಕಸ್ತೂರಿ! ಸ್ವಲ್ಪ ದಪ್ಪಗಾಗಿದ್ದಳು. ಗಂಡನ ಕೆಲಸಕ್ಕೆಂದು ಬೆಂಗಳೂರಿಗೆ ಮರಳಿದ್ದಾಳಂತೆ, ಆ ಶಾಲೆಯಲ್ಲಿ ಪಿ.ಟಿ. ಟೀಚರಂತೆ. ವರ್ಷ ವರ್ಷ ಕಾಂಟ್ರಾಕ್ಟಂತೆ. ಅವಳ ಮಕ್ಕಳು ಪಂದ್ಯ ಸೋತರು. ಸೋತ ಮೇಲೂ ಅವಳ ಸುತ್ತಲೇ ಜೋತುಬಿದ್ದಿದ್ದರು.

ಆಮೇಲೆ ಪಕ್ಕದ ದರ್ಶಿನಿಯಲ್ಲಿ ನಿಂತು ಕಾಫಿ ಕುಡಿದೆವು. ಅಷ್ಟು ವರ್ಷ ಒಳಗೇ ಕೊರೆಯುತ್ತಿದ್ದದ್ದನ್ನು ತಡೆಯಲಾಗದೆ ಕೇಳಿಬಿಟ್ಟೆ.

"ಅವತ್ತು ಯಾಕೆ ಕಸ್ತೂರಿ ಹಾಗೆ ಹೇಳ್ದೆ? ಅಷ್ಟು ಬೇಕಾಗಿತ್ತಲ್ಲ ನಿನಗೆ ಆ ಕೆಲಸ."

ಅವಳು ನನ್ನನ್ನೇ ಆಶ್ಚರ್ಯದಿಂದ ನೋಡಿದಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ, ಇಷ್ಟು ವರ್ಷ ಇದೂ ತಿಳಿಯಲಿಲ್ಲವೇ ಎನ್ನುವಂತಿತ್ತು.

"ಯಾರು ಚಲೋ ಆಡ್ತಾರ ಅಂತ ಕೇಳಿದ್ರಿ, ಹೇಳಿದೆ. ಯಾರಿಗೆ ನೌಕರಿ ಬೇಕಾಗೇತಿ ಅಂತ ನೀವು ಯಾರೂ ಕೇಳ್ಲೇ ಇಲ್ಲಲ್ರಿ ಮೇಡಮ್ಮರ."